ಕಲಿಸದೆ ಹಾಕಿದ ಸಹಿ

ಹಳ್ಳಿಯ ಸಮುದಾಯ ಭವನದಲ್ಲಿ ವೈರಿಂಗ್ ಮೇಷ್ಟ್ರು ಹಲಗೆಯ ಮೇಲೆ ಸ್ವಿಚ್ಚು ಕೂರಿಸುವುದನ್ನು ತೋರಿಸುತ್ತಿದ್ದರು. ಇಪ್ಪತ್ತು ಮಂದಿ ಸುತ್ತ ನಿಂತಿದ್ದರು. ಸರ್ಕಾರದ ಅನುದಾನದಲ್ಲಿ ಮೂರು ತಿಂಗಳ ತರಬೇತಿ. ಶುರುವಾಗಿ ಹದಿನೆಂಟು ದಿನವಷ್ಟೇ ಆಗಿತ್ತು. ತರಬೇತಿಯ ಗುತ್ತಿಗೆ ಹಿಡಿದವರು ಬಂದು ಮೇಷ್ಟ್ರನ್ನು ಹೊರಗೆ ಕರೆದರು.

"ನಾಳೆಗೆ ಮುಗಿಸಿಬಿಡಿ. ಎಲ್ಲರೂ ಪಾಸ್ ಅಂತ ಸಹಿ ಹಾಕಿ."

"ಕಾಲು ಭಾಗ ಪಾಠವೂ ಆಗಿಲ್ವಲ್ಲ ಸ್ವಾಮಿ?"

"ಅನುದಾನ ಬಂದದ್ದೇ ವರ್ಷದ ಕೊನೆಗೆ. ಈ ತಿಂಗಳು ಮುಗಿಸದಿದ್ರೆ ವಾಪಸ್ ಹೋಗುತ್ತೆ. ಮುಂದಿನ ಸಲ ಪಟ್ಟಿಯಲ್ಲಿ ಈ ಊರೇ ಇರಲ್ಲ. ಪತ್ರ ಕೈಗೆ ಸಿಕ್ರೆ ಕೆಲಸ ಮಾಡ್ತಾ ಮಾಡ್ತಾ ಕಲೀತಾರೆ ಬಿಡಿ."

ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಮೇಷ್ಟ್ರು ಇಪ್ಪತ್ತು ಪ್ರಮಾಣಪತ್ರಗಳಿಗೂ ಸಹಿ ಹಾಕಿದರು.

ಎರಡು ತಿಂಗಳಾಗಿತ್ತು. ಅವರಲ್ಲೆಲ್ಲ ಚುರುಕಾಗಿದ್ದವನು, ಬಡಗಿಯ ಅಳಿಯ, ಹಿಟ್ಟಿನ ಗಿರಣಿಯಲ್ಲಿ ಮೋಟಾರ್ ಜೋಡಿಸುವಾಗ ಕರೆಂಟ್ ಹೊಡೆದು ಆಸ್ಪತ್ರೆ ಸೇರಿದ. ಬಲಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು.

ಸುದ್ದಿ ಕೇಳಿ ಮೇಷ್ಟ್ರು ಆಸ್ಪತ್ರೆಗೆ ಹೋದರು. ಅವನ ಹೆಂಡತಿ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಅವನೂ ಏಳಲು ಹೋಗಿ, ಆಗದೆ, ನಾಚಿಕೊಂಡ.

"ತಪ್ಪು ನಂದೇ ಮೇಷ್ಟ್ರೇ. ಮೇನ್ ಆಫ್ ಮಾಡಿದ್ದೆ. ಜನರೇಟರ್ ಲೈನ್ ಬೇರೆ ಇತ್ತಂತೆ, ಅದನ್ನೂ ಬಂದ್ ಮಾಡ್ಬೇಕಿತ್ತಂತೆ. ನೀವು ಹೇಳಿಕೊಟ್ಟೇ ಇರ್ತೀರಿ. ನನ್ನ ಹಾಳು ತಲೆಗೇ ಹತ್ತಿಲ್ಲ."

ಜನರೇಟರ್ ಪಾಠ ಇದ್ದದ್ದು ಮೂರನೇ ತಿಂಗಳಲ್ಲಿ. ಮೇಷ್ಟ್ರು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ಹೇಳಿಕೊಟ್ಟಿರಲಿಲ್ಲ ಕಣಪ್ಪ. ಕಲಿಸದೇನೇ ಸಹಿ ಹಾಕ್ದೆ."

ಅವನು ಮುಖ ಆಚೆ ತಿರುಗಿಸಿಕೊಂಡ. ಹೆಂಡತಿ ಕೇಳಿದಳು: "ಹಾಗಾದ್ರೆ ಉಳಿದವರ ಗತಿ?"

ಮರುದಿನ ಮೇಷ್ಟ್ರು ಇಲಾಖೆಯ ಕಚೇರಿಯಲ್ಲಿ ನಡೆದದ್ದನ್ನೆಲ್ಲ ಬರೆದುಕೊಟ್ಟರು. ಗುಮಾಸ್ತರು ಓದಿ, "ಇದು ನಿಮ್ಮ ಕುತ್ತಿಗೆಗೇ ಬರುತ್ತೆ" ಎಂದರು.

"ಗೊತ್ತು. ಮೊಹರು ಹಾಕಿ."

ಅಲ್ಲಿಂದ ಪ್ರಮಾಣಪತ್ರ ಪಡೆದ ಉಳಿದವರ ಮನೆಮನೆ ತಿರುಗಿದರು. "ಪಾಠ ಮುಗಿದಿಲ್ಲ. ನಾಳೆಯಿಂದ ಬನ್ನಿ, ಪೂರ್ತಿ ಕಲಿಸ್ತೀನಿ. ಅಲ್ಲಿವರೆಗೂ ದಯವಿಟ್ಟು ವೈರ್ ಮುಟ್ಟಬೇಡಿ." ಹನ್ನೊಂದು ಮಂದಿ ಒಪ್ಪಿದರು. ಕೆಲವರು ಬೈದರು. ಒಬ್ಬ ತಾಯಿ, "ಈಗ ತಾನೇ ನಾಲ್ಕು ತುತ್ತು ಕಾಣ್ತಿದ್ದೀವಿ, ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ಬಾಗಿಲು ಹಾಕಿಕೊಂಡಳು.

ಕೊನೆಯ ಮನೆಯಲ್ಲಿ, ತರಬೇತಿಗೆ ಬರುತ್ತಿದ್ದ ಹುಡುಗನ ತಂಗಿ ನಗುನಗುತ್ತಾ ಹೊರಬಂದಳು.

"ಅಣ್ಣನಿಗೆ ಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ತು ಮೇಷ್ಟ್ರೇ! ಬೆಳಿಗ್ಗೆಯೇ ಹೊರಟ. ನಿಮ್ಮ ಸಹಿ ನೋಡಿ ಒಂದು ಪ್ರಶ್ನೆನೂ ಕೇಳ್ಲಿಲ್ವಂತೆ."

ಮೇಷ್ಟ್ರು ಕಾರ್ಖಾನೆಯ ವಿಳಾಸ ಬರೆಸಿಕೊಂಡು ಬಸ್ ನಿಲ್ದಾಣದ ಕಡೆಗೆ ಓಡತೊಡಗಿದರು.