ಎನ್ ಅಂದರೆ ನಿಂದ್ರು

ಬಸವನ ಬಾಗೇವಾಡಿಯ ಉಳ್ಳಾಗಡ್ಡಿ ದಲಾಲಿ ಬಸಂತರಾಯನಿಗೆ ಮಾತೇ ಬಂಡವಾಳ. ಒಂದು ಒಳ್ಳೆ ಮಾತು ಹೊಳೆಯಿತೆಂದರೆ ಅದನ್ನು ಹತ್ತು ಮಂದಿಗೆ ಹೇಳಿ, ಹತ್ತೂ ಮಂದಿ ನಕ್ಕ ಮೇಲೆಯೇ ಅವನಿಗೆ ಊಟ ಸೇರುತ್ತಿತ್ತು. ಹೀಗಿದ್ದವನು ಎರಡು ಸಾವಿರದ ಎರಡನೇ ಇಸವಿಯಲ್ಲಿ ಮುಂಬೈಗೆ ಉಳ್ಳಾಗಡ್ಡಿ ಹಾಕಲು ಹೋಗಿ, ಬರುವಾಗ ಒಂದು ಹಳೆಯ ಅಮೆರಿಕದ ಪಾಂಟಿಯಾಕ್ ಕಾರು ತಂದ. ಯಾರೋ ಪರದೇಶದ ಅಧಿಕಾರಿ ಬಿಟ್ಟುಹೋದದ್ದಂತೆ. ಸ್ಟೇರಿಂಗು ಎಡಕ್ಕೆ. ಮೈ ಎಷ್ಟು ಅಗಲವೆಂದರೆ ಎದುರಿಗೆ ಚಕ್ಕಡಿ ಬಂದರೆ ಇಬ್ಬರಲ್ಲಿ ಒಬ್ಬರು ಹೊಲಕ್ಕಿಳಿಯಬೇಕು.

ಜನ ಮುಗಿಬಿದ್ದು ನೋಡಿದ್ದು ಮಾತ್ರ ಅದರ ಗೇರನ್ನು. ಕ್ಲಚ್ಚೇ ಇಲ್ಲ. ಎರಡು ಸೀಟಿನ ನಡುವೆ ಒಂದೇ ಕೋಲು, ಅದು ಓಡಾಡಲು ಎರಡು ಸಾಲು. ಎಡಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳು. ಡಿ ಅಕ್ಷರಕ್ಕೆ ತಂದುಬಿಟ್ಟರೆ ಗಾಡಿ ತಾನೇ ಗೇರು ಬದಲಿಸಿಕೊಳ್ಳುತ್ತದೆ. ಬಲಸಾಲಿನಲ್ಲಿ ಒಂದೊಂದೇ ಗೇರನ್ನು ಕೈಯಿಂದ ಏರಿಸಬೇಕು, ಗಾಡಿ ಬಾಣದಂತೆ ಹೋಗುತ್ತದೆ. ಆ ಸಾಲಿಗೊಂದು ಪುಟ್ಟ ಬೀಗ ಬೇರೆ. ಎಡಸಾಲು ಹೆಂಡತಿಯದು, ಬಲಸಾಲು ಗಂಡನದು ಎಂದೇ ಅಮೆರಿಕದ ಕಂಪನಿಯವರು ಮಾಡಿದ್ದಾರೆ ಎಂದು ಮಾರಿದವನು ಹೇಳಿದ್ದ. ಬಸಂತರಾಯ ಊರಿಗೆ ಬಂದ ದಿನವೇ ಬಲಸಾಲಿಗೆ ಬೀಗ ಜಡಿದು, ಅದರ ಕೀಲಿಕೈಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡ.

ಹೆಂಡತಿ ಜಯಮಾಲಾ ಕೇಳಿದಳು. "ನನ್ನ ಸಾಲು ಖಾಲಿನ ಐತೆಲ್ರಿ. ನನಗೂ ಕಲಸ್ರಿ."

ಅಲ್ಲೇ ಅವನಿಗೆ ಮಾತು ಹೊಳೆಯಿತು. "ಭಾಳ ಸಸಾರ ಐತಿ ನೋಡ. ಪಿ ಅಂದ್ರ ಪೂರಾ ಬಂದ್. ಆರ್ ಅಂದ್ರ ರಿವರ್ಸ್. ಎನ್ ಅಂದ್ರ ನಿಂದ್ರು. ಡಿ ಅಂದ್ರ ದೌಡು."

"ಇಷ್ಟ ಏನ್ರಿ?" ಎಂದು ಆಕೆ ನಕ್ಕಳು. ಆ ಪಾಠ ಮರುದಿನವೇ ದಲಾಲಿ ಅಂಗಡಿಗೆ ಬಂತು, ಅಲ್ಲಿಂದ ಬಜಾರಕ್ಕೆ ಹೋಯಿತು. ಅಮೆರಿಕದವರಿಗೂ ಕನ್ನಡ ಕಲಿಸಿದ ಸಾವಕಾರ ಎಂದು ಹಮಾಲರು ಹೊಗಳಿದರು. ಜಯಮಾಲಾ ಅದೇ ನಾಲ್ಕು ಮಾತು ಹಿಡಿದು ಊರ ಹೊರಗಿನ ಬಯಲಲ್ಲಿ ಚಂದವಾಗಿ ಗಾಡಿ ಓಡಿಸತೊಡಗಿದಳು.

ಒಂದು ದಿನ ಬಸಂತರಾಯ ಒಬ್ಬನೇ ಮನಗೂಳಿಗೆ ಹೋಗಿದ್ದ. ಪೆಟ್ರೋಲ್ ಪಂಪಿನ ಇಳಿಜಾರಿನಲ್ಲಿ ಎನ್‌ಗೆ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ಜೇಬಿಗೆ ಕೈಹಾಕಿದ. ಗಾಡಿ ಮೆಲ್ಲಗೆ ಮುಂದೆ ಸರಿಯಿತು. ಗಾಬರಿಯಾಗಿ ಬ್ರೇಕ್ ಒತ್ತಿದ. ಕಾಲು ತೆಗೆದ, ಮತ್ತೆ ಸರಿಯಿತು. ಎನ್ ಅಂದರೆ ನಿಂದ್ರು ಅಲ್ಲ, ಹಗ್ಗ ಬಿಚ್ಚಿಬಿಟ್ಟ ಎತ್ತು ಎಂದು ಅವನಿಗೆ ಆಗ ತಿಳಿಯಿತು.

ಮನೆಗೆ ಹೋದೊಡನೆ ಹೇಳಬೇಕು ಎಂದುಕೊಂಡ. ಹೇಳಲಿಲ್ಲ. ಅಷ್ಟು ಓಡಾಡಿದ ಮಾತು ತಪ್ಪು ಎಂದು ಯಾವ ಬಾಯಿಂದ ಹೇಳುವುದು? ಬಯಲು ಸಪಾಟಾಗಿದೆ, ಅಲ್ಲಿ ಏನಾಗುತ್ತದೆ, ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಬೇರೆಯವರ ಕಾಲು.

ಜಯಮಾಲಾಳ ತವರು ಕೊಲ್ಹಾರ. ಸಂತೆಯ ದಿನ ತಾನೇ ಗಾಡಿ ಓಡಿಸಿಕೊಂಡು ತವರಿಗೆ ಹೋಗಬೇಕೆಂದು ಆಕೆ ಹಟ ಹಿಡಿದಳು. ಬಸಂತರಾಯ ಪಕ್ಕದಲ್ಲಿ ಕುಳಿತ. ದಾರಿಯುದ್ದಕ್ಕೂ ಆ ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಯಿತು. ಆಕೆ ಅಷ್ಟು ಖುಷಿಯಲ್ಲಿದ್ದಳು, ತಾನೂ ಅಷ್ಟೇ ಖುಷಿಯಲ್ಲಿದ್ದೇನೆ ಎಂದು ಅವನು ತನಗೆ ತಾನೇ ಸುಳ್ಳು ಹೇಳಿಕೊಂಡ.

ಹಿನ್ನೀರಿನ ಕಡೆ ಇಳಿಯುವ ರಸ್ತೆಯಲ್ಲಿ ಚನ್ನವ್ವ ಎಂಬ ಮುದುಕಿ ಗಡಿಗೆಯಲ್ಲಿ ಮೊಸರು ಮಾರುತ್ತಾಳೆ. ಕೊಲ್ಹಾರಕ್ಕೆ ಬಂದವರು ಮೊಸರು ಒಯ್ಯದೆ ಹೋಗುವುದುಂಟೇ? ಜಯಮಾಲಾ ಆಕೆಗಿಂತ ತುಸು ಮೇಲೆ ಗಾಡಿ ನಿಲ್ಲಿಸಿದಳು. ಬಸಂತರಾಯ ಎದುರಿನ ಚಾಂದಸಾಬನ ಅಂಗಡಿಗೆ ಚಹಾ ಕುಡಿಯಲು ಇಳಿದು ಹೋದ. ಆ ಜಾಗದಲ್ಲಿ ರಸ್ತೆ ಇಳಿಜಾರೆಂದು ನೋಡಿದರೆ ಗೊತ್ತೇ ಆಗುವುದಿಲ್ಲ. ಜಯಮಾಲಾ ಕೋಲನ್ನು ಎನ್‌ಗೆ ತಂದು, ಡಬ್ಬಿ ಹಿಡಿದು ಕೆಳಗಿಳಿದಳು. ಗಾಡಿ ಒಂದು ಗಳಿಗೆ ನಿಂತಿತು. ಆಮೇಲೆ ಹೊರಟಿತು.

ಚನ್ನವ್ವ ಏಳುವುದರೊಳಗೆ ಮುಂದಿನ ಗಾಲಿ ಗಡಿಗೆಗಳ ಮೇಲೆ ಹಾಯ್ದು, ಆಕೆಯ ಬಲಗಾಲನ್ನು ಮುರಿದು, ಕಲ್ಲಿನ ಗೋಡೆಗೆ ಬಡಿದು ನಿಂತಿತು. ರಸ್ತೆ ತುಂಬ ಮೊಸರು. ಮುದುಕಿಯ ಚೀರಾಟಕ್ಕೆ ಸಂತೆಯೇ ಓಡಿಬಂತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇನ್ನೂ ಯಾರೂ ಏನೂ ಅನ್ನುವ ಮೊದಲೇ ಬಸಂತರಾಯ ಒದರಿದ. "ಎಷ್ಟ ಸಲ ಹೇಳೇನಿ ನಿನಗ! ಯಾವದರಾಗ ಇಟ್ಟ ಇಳದಿ?"

ಜಯಮಾಲಾ ಅವನ ಮುಖ ನೋಡಿದಳು. "ನಿಂದ್..." ಎಂದು ಬಾಯಿಗೆ ಬಂದದ್ದನ್ನು ಅಲ್ಲಿಗೇ ನುಂಗಿದಳು.

"ಮರತೆ," ಅಂದಳು.

"ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಕ್ಕೈತಿ, ಸಾವಕಾರ್ರ," ಎಂದ ಚಾಂದಸಾಬ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಸಂತರಾಯನಂಥ ಮಾತುಗಾರನಿಗೆ ಆಗ ಒಂದೇ ಒಂದು ಮಾತು ಬೇಕಿತ್ತು, ಅದು ಬರಲಿಲ್ಲ.

ಚನ್ನವ್ವನನ್ನು ಬಿಜಾಪುರದ ದವಾಖಾನೆಗೆ ಒಯ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿ, ಎಲ್ಲ ಖರ್ಚನ್ನೂ ಅವನೇ ನೋಡಿಕೊಂಡ. ದೊಡ್ಡ ಮನಸ್ಸಿನ ಸಾವಕಾರ ಎಂದು ಜನ ಅಂದಾಗ ನೆಲ ಬಿರಿಯಬಾರದೇ ಅನಿಸಿತು. ಜಯಮಾಲಾ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಆಕೆ ಮಾಡಿದ್ದೇ ಬೇರೆ. ಸಂತೆ ಬಂತೆಂದರೆ ಬಸ್ಸು ಹಿಡಿದು ಕೊಲ್ಹಾರಕ್ಕೆ ಹೋಗಿ, ಚನ್ನವ್ವ ಮನೆಯಲ್ಲಿ ಕುಳಿತು ಹೆಪ್ಪು ಹಾಕಿದ ಗಡಿಗೆಗಳನ್ನು ಹೊತ್ತು ತಂದು, ಅದೇ ಜಾಗದಲ್ಲಿ ಕುಳಿತು ಮಾರತೊಡಗಿದಳು. ದಲಾಲಿ ಸಾವಕಾರನ ಹೆಂಡತಿ ರಸ್ತೆಯಲ್ಲಿ ಮೊಸರು ಮಾರುತ್ತಾಳೆಂದು ಊರು ಬಾಯಿ ಬಿಟ್ಟಿತು. ಮನೆಯಲ್ಲಿ ಆಕೆ ಅವನಿಗೆ ಒಂದು ಬಿರುಮಾತು ಆಡಲಿಲ್ಲ. ಆಡಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ. ತಾಟಿನಲ್ಲಿ ಮೊಸರು ಬಿದ್ದರೆ ಕೈ ತೊಳೆದು ಏಳುತ್ತಿದ್ದ.

ಕೊನೆಗೆ ಒಂದು ಸಂತೆಯ ದಿನ, ರಿಪೇರಿಯಾದ ಪಾಂಟಿಯಾಕ್ ತೆಗೆದುಕೊಂಡು ತಾನೇ ಕೊಲ್ಹಾರಕ್ಕೆ ಹೋದ. ಪಿ ಅಕ್ಷರಕ್ಕೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಗಡಿಗೆಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ಜಯಾ, ಎನ್ ಅಂದ್ರ ನಿಂದ್ರು ಅಲ್ಲ."

"ಅವತ್ತ ಗೊತ್ತಾತಲ್ರಿ," ಎಂದಳು ಆಕೆ, ಮೊಸರಿನ ಮೇಲಿನ ನೊಣ ಓಡಿಸುತ್ತ. "ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಂದ್ಯಾಗ ನಿಮ್ಮ ಮಾನ ಯಾಕ ಹೋಗಬೇಕಂತ ಮರತೆ ಅಂದೆ. ಬಿಡ್ರಿ ಅದನ್ನ."

ಅಲ್ಲಿಗೆ ಬಿಟ್ಟು ಎದ್ದುಬರಬಹುದಿತ್ತು. ಅವನಿಗೆ ಆಗಲಿಲ್ಲ.

"ನನಗ ಗೊತ್ತಿತ್ತು. ಮನಗೂಳಿ ಪಂಪಿನ್ಯಾಗ ಸರದಿತ್ತು. ಹೇಳಿದ್ರ ನನ್ನ ಮಾತ ಸುಳ್ಳಾಕ್ಕೈತಂತ ಹೇಳಲಿಲ್ಲ."

ಜಯಮಾಲಾಳ ಕೈ ನಿಂತಿತು. "ಮುದುಕಿ ಕಾಲ ಮುರಿಯೂಕಿಂತ ಮೊದಲ?"

"ಹೂಂ."

ಆಕೆ ಎದ್ದು ನಿಂತು, ಸೌಟನ್ನು ಅವನ ಕೈಗೆ ಕೊಟ್ಟಳು. "ಹಂಗಾದ್ರ ನೀವು ಕುಂದರ್ರಿ. ಆಕಿ ಕಾಲ ನೆಟ್ಟಗಾಗೂತನಕ ಈ ಜಾಗಾ ನಿಮ್ದು." ಆಮೇಲೆ ಕೈ ಚಾಚಿದಳು. "ಗಾಡಿ ಕೀಲಿಕೈ ಕೊಡ್ರಿ. ಉಡದಾರದಾಗಿಂದೂ."

ತುಂಬಿದ ಸಂತೆಯಲ್ಲಿ ಅಂಗಿ ಎತ್ತಿ ಉಡದಾರದ ಗಂಟು ಬಿಚ್ಚಿಕೊಟ್ಟ. ಆಕೆ ಗಾಲಿಯ ಕಲ್ಲು ತೆಗೆದು, ಗಾಡಿ ಹತ್ತಿ, ನಿಧಾನಕ್ಕೆ ತಿರುಗಿಸಿಕೊಂಡು ಏರಿನ ಕಡೆ ಹೋದಳು. ಬಸಂತರಾಯ ಗಡಿಗೆಗಳ ಹಿಂದೆ ಹೋಗಿ ಕುಳಿತ.

ಚಾಂದಸಾಬ ಪಾತ್ರೆ ಹಿಡಿದು ಮೊಸರಿಗೆ ಬಂದ. "ಇದೇನ್ರಿ ಸಾವಕಾರ್ರ, ನೀವು ಕುಂತ್ರಿ? ಅಕ್ಕಾರ ಕೈಯಾಗ ಮತ್ತ ಗಾಡಿ ಕೊಟ್ರ್ಯಾ? ಅವತ್ತಿನಂಗ ಮತ್ತ ಮರತ್ರ ಏನ್ ಗತಿ?"

ಬಸಂತರಾಯ ಸೌಟು ತುಂಬ ಮೊಸರನ್ನು ಅವನ ಪಾತ್ರೆಗೆ ಸುರಿದ.

"ಆಕಿ ಮರತಿರಲಿಲ್ಲ, ಚಾಂದಸಾಬ," ಎಂದ ಬಸಂತರಾಯ. "ನಾ ಕಲಿಸಿದ್ದನ್ನ ನೆಪ್ಪಿಟ್ಟಿದ್ಲು."