ಬುಜ್ಜಿಗೊಂದು ಬೀದಿ

ಪ್ರಮೋಷನ್ ಬಂದ ದಿನ ಸುಮಿತ್ರಾ ಬ್ಯಾಂಕಿನಲ್ಲಿ ಎಲ್ಲರಿಗೂ ಲಡ್ಡು ಹಂಚಿ, ಮನೆಗೆ ಬಂದು ಅತ್ತಳು. ಹನ್ನೊಂದು ವರ್ಷ ವಿಜಯವಾಡದಲ್ಲಿ ಕ್ಲರ್ಕಾಗಿ ಕುಳಿತಲ್ಲೇ ಕುಳಿತು, ಎರಡು ಸಲ ಪರೀಕ್ಷೆ ಕಟ್ಟಿ, ಅಂತೂ ಇಂತೂ ಆಫೀಸರ್ ಆದರೆ, ಹಾಕಿದ್ದು ವಿಶಾಖಪಟ್ಟಣಕ್ಕೆ. ಹೋಗುತ್ತೀಯೋ ಇಲ್ಲವೋ ಎಂದು ಸೋಮವಾರ ಬರೆದುಕೊಡಬೇಕು. ಒಲ್ಲೆ ಎಂದರೆ ಇನ್ನು ಮೂರು ವರ್ಷ ಪರೀಕ್ಷೆಯ ಹೆಸರೆತ್ತುವಂತಿಲ್ಲ.

ಊರಿನ ಮೇಲೆ ಅವಳಿಗೇನೂ ತಕರಾರಿರಲಿಲ್ಲ. ಗಂಡ ಶ್ರೀಕಂಠನಿಗಂತೂ ಮೊದಲೇ ಇಲ್ಲ. ಅವನು ಔಷಧ ಕಂಪನಿಯ ರೆಪ್ರೆಸೆಂಟೇಟಿವ್, ತಿಂಗಳಲ್ಲಿ ಇಪ್ಪತ್ತು ದಿನ ಬ್ಯಾಗು ಹಿಡಿದು ಊರೂರು ತಿರುಗುವವನು. "ವಿಜಯವಾಡ ಆದರೇನು, ವೈಜಾಗ್ ಆದರೇನು, ಡಾಕ್ಟರುಗಳು ಎಲ್ಲ ಕಡೆನೂ ಕಾಯಿಸ್ತಾರೆ" ಎಂದು ನಕ್ಕು, ಶ್ರೀಕಾಕುಳದ ಕಡೆಗೆ ಟೂರು ಹೊರಟುಬಿಟ್ಟ. ಸುಮಿತ್ರಾಳ ತಕರಾರೆಲ್ಲ ಇದ್ದದ್ದು ಗಡಿಯಾರದ ಜೊತೆ. ಮಗಳ ಶಾಲೆ ಮೂರೂವರೆಗೆ ಬಿಡುತ್ತದೆ. ಬ್ಯಾಂಕು ಆಫೀಸರನ್ನು ಆರೂವರೆಗೆ ಮುಂಚೆ ಬಿಡುವುದಿಲ್ಲ. ನಡುವಿನ ಮೂರು ಗಂಟೆ ಏಳು ವರ್ಷದ ಹುಡುಗಿಯನ್ನು ಯಾರು ನೋಡಿಕೊಳ್ಳಬೇಕು?

ಸತ್ಯನಾರಾಯಣಪುರದಲ್ಲಿ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ, ಅಲ್ಲಿ ಮನೆಯ ಓನರ್ ಕೋಟೇಶ್ವರಮ್ಮ ಇದ್ದರು. ಬಳ್ಳಾರಿಯಲ್ಲಿ ಹುಟ್ಟಿ, ರೈಲ್ವೆ ಗಾರ್ಡೊಬ್ಬರನ್ನು ಮದುವೆಯಾಗಿ, ಗುಂತಕಲ್ಲು ದಾಟಿ ವಿಜಯವಾಡಕ್ಕೆ ಬಂದು ನೆಲೆಸಿದ ಹೆಂಗಸು. ನಲವತ್ತು ವರ್ಷ ತೆಲುಗಿನಲ್ಲಿ ಸಂಸಾರ ಮಾಡಿದರೂ ಬಳ್ಳಾರಿ ಕನ್ನಡವನ್ನು ಬಿಟ್ಟುಕೊಟ್ಟಿರಲಿಲ್ಲ. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಸೈನ್ಯ ಸೇರಿ ಅಸ್ಸಾಮಿನಲ್ಲಿದ್ದ. ಸುಮಿತ್ರಾ ಅವರನ್ನು ಅಲ್ಲಿಯ ರೂಢಿಯಂತೆ ಚಿಕ್ಕಮ್ಮ ಎನ್ನುವ ಅರ್ಥದಲ್ಲಿ ಪಿನ್ನಿಗಾರು ಎನ್ನುತ್ತಿದ್ದಳು. ಮಗಳು ಅನಸೂಯಾ, ಅಂದರೆ ಎಲ್ಲರ ಬಾಯಲ್ಲಿ ಬುಜ್ಜಿ, ಅಜ್ಜಿಯನ್ನು ಕರೆಯುವಂತೆ ಅಮ್ಮಮ್ಮ ಎನ್ನುತ್ತಿದ್ದಳು. ಒಂದು ದಿನ ಶಾಲೆಯ ರಿಕ್ಷಾ ಬುಜ್ಜಿ ಇಲ್ಲದೆ ಬಂದಾಗ, ಕೋಟೇಶ್ವರಮ್ಮ ಒಲೆಯ ಮೇಲಿನ ಹಾಲನ್ನೂ ಇಳಿಸದೆ ಶಾಲೆಗೆ ಓಡಿ, ಖಾಲಿ ಕ್ಲಾಸಿನ ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಹುಡುಗಿಯನ್ನು ಹೊತ್ತುಕೊಂಡು ಬಂದಿದ್ದರು. ಸುಮಿತ್ರಾಗೆ ಸುದ್ದಿ ತಿಳಿದದ್ದು ಸಂಜೆ, ಬುಜ್ಜಿ ಸ್ನಾನ ಮುಗಿಸಿ ಮೊಸರನ್ನ ತಿನ್ನುತ್ತಿದ್ದಾಗ.

ಹಾಗಾಗಿ ಅವಳು ಹುಡುಕಬೇಕಾಗಿದ್ದದ್ದು ಮನೆಯನ್ನಲ್ಲ, ಇನ್ನೊಬ್ಬ ಕೋಟೇಶ್ವರಮ್ಮನನ್ನು. ಅದನ್ನು ಬಾಯಿಬಿಟ್ಟು ಹೇಳಿದರೆ ಆ ಜೀವಕ್ಕೆ ನೋವಾದೀತು ಎಂದು ಸುಮ್ಮನೆ ಅಳುತ್ತಿದ್ದಳು. ಕೋಟೇಶ್ವರಮ್ಮನವರೇ ಬಾಗಿಲಿಗೆ ಬಂದು ನಿಂತರು.

"ಅಳೋದು ಯಾತಕ? ಮನಿ ನೋಡಾಕ ನಾನೂ ಬರ್ತೀನಿ. ನಮ್ಮನಿಯೋರ ರೈಲ್ವೆ ಪಾಸು ಪೆಟ್ಟಿಗ್ಯಾಗ ಸುಮ್ನ ಕೊಳೀತಾ ಐತಿ. ನಿನಗ ಮನಿ ನೋಡಾಕ ಬರಂಗಿಲ್ಲ, ನೀನು ಬರೇ ಗೋಡಿ ನೋಡ್ತಿ."

"ಮನೆ ಅಂದ್ಮೇಲೆ ಗೋಡೆ ನೋಡ್ದೆ ಇನ್ನೇನು ನೋಡ್ಬೇಕು ಪಿನ್ನಿಗಾರು?"

"ಪಕ್ಕದ ಮನಿ ನೋಡಬೇಕು. ಸಂಜಿ ನಾಕಕ್ಕ ಹೋಗಿ, ಬಾಗ್ಲಾ ತಟ್ಟಿ, ಕುಡಿಯಾಕ ನೀರು ಕೇಳಬೇಕು. ನೀರು ಯಾರಾದ್ರೂ ಕೊಡ್ತಾರ. ಕೊಟ್ಟ ಮ್ಯಾಲ ಏನು ಕೇಳ್ತಾರ ಅನ್ನೋದು ಮುಖ್ಯ. ಯಾರು, ಎಲ್ಲಿಯೋರು, ಎಷ್ಟು ಮಕ್ಕಳು, ಗಂಡಗ ಏನು ಕೆಲಸ, ಇಷ್ಟೂ ಕೇಳಲಿಲ್ಲಾ ಅಂದ್ರ ಆ ಓಣ್ಯಾಗ ಕೂಸು ಕಳದ್ರೂ ಯಾರಿಗೂ ಗೊತ್ತಾಗಂಗಿಲ್ಲ."

ಸುಮಿತ್ರಾ ಮೈಸೂರಿನವಳು. ಬೇರೆಯವರ ಮನೆ ವಿಚಾರ ಕೇಳುವುದೇ ಅಸಭ್ಯ ಎಂದು ಕಲಿತು ಬೆಳೆದವಳು. ವಿಜಯವಾಡಕ್ಕೆ ಬಂದ ಮೊದಲೆರಡು ವರ್ಷ, ತರಕಾರಿಯವಳೂ ಸಂಬಳ ಎಷ್ಟು ಎಂದು ಕೇಳುವ ಈ ಊರಿನ ಮೇಲೆ ಅವಳಿಗೆ ಕೆಟ್ಟ ಕೋಪವಿತ್ತು. ಬುಜ್ಜಿ ಹುಟ್ಟಿದ ಮೇಲೆ ಆ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಈಗ ಅವಳು ಕಣ್ಣೊರೆಸಿಕೊಂಡು ಒಪ್ಪಿದಳು.

ಶನಿವಾರ ಬೆಳಿಗ್ಗೆ ಮೂವರೂ ವಿಶಾಖಪಟ್ಟಣದಲ್ಲಿ ಇಳಿದರು. ಅದು ಎಂಬತ್ತೊಂಬತ್ತರ ಮೇ ತಿಂಗಳು, ಊರೆಲ್ಲ ಬೆವರಿನಲ್ಲಿ ಅದ್ದಿ ತೆಗೆದಂತಿತ್ತು. ಅಲ್ಲಿನ ಶಾಖೆಯ ಸುಬ್ರಹ್ಮಣ್ಯ, ಉಡುಪಿ ಕಡೆಯವನು, ಸ್ಟೇಷನ್ನಿಗೆ ಬಂದಿದ್ದ. ಅವನ ಹೆಂಡತಿ ರಜೆಗೆ ಊರಿಗೆ ಹೋಗಿದ್ದರಿಂದ ಮನೆ ಖಾಲಿಯಿತ್ತು. ಉಳಿದುಕೊಳ್ಳುವ ಏರ್ಪಾಡು ಅಲ್ಲೇ ಆಯಿತು.

ಸಂಜೆ ನಾಲ್ಕಕ್ಕೆ ಅವನು ಮೊದಲು ತೋರಿಸಿದ್ದು ಲಾಸನ್ಸ್ ಬೇ ಕಾಲೊನಿಯ ಮಹಡಿ ಮನೆ. ಬಾಲ್ಕನಿಗೆ ಹೋದರೆ ಎದುರಿಗೇ ಸಮುದ್ರ. ಗಾಳಿ ಒಳಗೆ ಬಂದು ಒಂದೊಂದು ಕೋಣೆಯನ್ನೂ ಸುತ್ತಿ ಹೋಗುತ್ತಿತ್ತು. "ಇದಕ್ಕಿಂತ ಒಳ್ಳೆ ಮನೆ ಸಿಗುದಿಲ್ಲ ಮಾರಾಯ್ರೆ" ಎಂದ ಸುಬ್ರಹ್ಮಣ್ಯ. ಸುಮಿತ್ರಾ ಅಷ್ಟರಲ್ಲೇ ಮಂಚ ಎಲ್ಲಿ, ಬೀರು ಎಲ್ಲಿ, ಮಂಗಳಗಿರಿ ಸೀರೆ ಹರಿದು ಹೊಲಿಸಿದ ಪರದೆ ಯಾವ ಕಿಟಕಿಗೆ ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಬಿಟ್ಟಿದ್ದಳು. ಕೋಟೇಶ್ವರಮ್ಮ ಗೋಡೆಯ ಕಡೆ ಕಣ್ಣೂ ಹಾಯಿಸದೆ, ಬುಜ್ಜಿಯ ಕೈ ಹಿಡಿದು ಕೆಳಗೆ ಪಕ್ಕದ ಮನೆಗೆ ನೀರು ಕೇಳಲು ಹೋದರು. ಬರುವಾಗ ತುಟಿ ಬಿಗಿದುಕೊಂಡಿದ್ದರು.

"ಬ್ಯಾಡವಾ. ನೀರು ಕೊಟ್ಟು ಬಾಗ್ಲಾ ಹಾಕ್ಕೊಂಡ್ಲು. ಒಂದು ಮಾತು ಕೇಳಲಿಲ್ಲ."

ಮನಸ್ಸಿನಲ್ಲಿ ಆಗಲೇ ಕಟ್ಟಿಬಿಟ್ಟಿದ್ದ ಪರದೆಯನ್ನು ಬಿಚ್ಚಲು ಸುಮಿತ್ರಾಗೆ ಇಷ್ಟವಿರಲಿಲ್ಲ. ಆದರೂ ಕೋಟೇಶ್ವರಮ್ಮನ ಮಾತಿಗೆ ಅವಳು ಎದುರಾಡಿದವಳಲ್ಲ. ಕೊನೆಯ ಸಲ ಸಮುದ್ರ ನೋಡಿ ಕೆಳಗಿಳಿದಳು.

ಎರಡನೆಯದು ಅಕ್ಕಯ್ಯಪಾಲೆಂನಲ್ಲಿ. ಅದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ಪಕ್ಕದ ಮನೆಯಲ್ಲಿ ಬಾಗಿಲನ್ನೇ ತೆಗೆಯದೆ, ಒಳಗಿನಿಂದಲೇ "ನೀರು ಬೀದಿಯ ನಲ್ಲಿಯಲ್ಲಿ ಸಿಗುತ್ತೆ" ಎಂದರು. ಸುಮಿತ್ರಾ ಮುಖ ಸಣ್ಣಗೆ ಮಾಡಿಕೊಂಡು ಬರುವಾಗ, ಕೋಟೇಶ್ವರಮ್ಮ ಮಾತ್ರ ರಿಕ್ಷಾದಲ್ಲಿ ಬುಜ್ಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಯಾವುದೋ ಹಳೆಯ ಹಾಡು ಗುನುಗುತ್ತಿದ್ದರು. ಇಷ್ಟು ಖುಷಿ ಏಕೆ ಎಂದು ಸುಮಿತ್ರಾಗೆ ಒಂದು ಕ್ಷಣ ಅನ್ನಿಸಿತು. ಸೆಕೆಯಲ್ಲಿ ಅದನ್ನು ಮುಂದುವರಿಸಿ ಯೋಚಿಸಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಸುಬ್ರಹ್ಮಣ್ಯ ತಿಂಡಿಯ ಜೊತೆ ಎಳೆಯ ತಾಟಿನುಂಗು ತಂದ. ಬುಜ್ಜಿ ಒಂದನ್ನು ಬಾಯಿಗೆ ಹಾಕಿಕೊಂಡು ತನ್ನ ಅರ್ಧ ತೆಲುಗಿನ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನಿನ್ನೆ ಸಮುದ್ರದ ಮನೆ ಪಕ್ಕಿಂಟಿ ಆಂಟಿ ಕೊಟ್ಟಿದ್ದೇ ಚಾಲಾ ಚೆನ್ನಾಗಿತ್ತು. ಎರಡು ಕೊಟ್ಟರು. ನನ್ನ ಹೆಸರೂ ಕೇಳಿದರು, ಸ್ಕೂಲೂ ಕೇಳಿದರು, ಅಪ್ಪ ಯಾಕೆ ಬರಲಿಲ್ಲ ಅಂತಾನೂ ಕೇಳಿದರು. ನಮ್ಮ ಮನೆಗೆ ಆಡಕ್ಕೆ ಬಾ ಅಂದರು."

ಸುಮಿತ್ರಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಕೋಟೇಶ್ವರಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಸುಬ್ರಹ್ಮಣ್ಯ ಏನೂ ಕೇಳಿಸದವನಂತೆ ಸ್ಕೂಟರಿನ ಕೀ ತೆಗೆದುಕೊಂಡು ಹೊರಟವನು ಮುಕ್ಕಾಲು ಗಂಟೆಯಲ್ಲಿ ತಿರುಗಿ ಬಂದ. ಆ ಮಹಡಿ ಮನೆಯನ್ನು ಬಂದರಿನಲ್ಲಿ ಕೆಲಸ ಮಾಡುವ ಯಾರೋ ಬೆಳಿಗ್ಗೆಯೇ ಹಿಡಿದುಕೊಂಡಿದ್ದರು.

"ಯಾಕೆ ಹೀಗೆ ಮಾಡಿದ್ರಿ ಪಿನ್ನಿಗಾರು?" ಸುಮಿತ್ರಾ ಅವರೆದುರಿಗೆ ಬಂದು ನಿಂತಳು. "ಹನ್ನೊಂದು ವರ್ಷ ಕಾದಿದೀನಿ. ನಾಳೆ ಬರೆದುಕೊಡ್ಬೇಕು. ಇವತ್ತು ಸಂಜೆ ರೈಲು. ನಿಮ್ಮನ್ನ ನಂಬಿ ತಾನೆ ಕರಕೊಂಡು ಬಂದೆ?"

ಬೇರೆ ಯಾರಾಗಿದ್ದರೂ ಮಗು ಏನೋ ತಪ್ಪು ಹೇಳುತ್ತಿದೆ ಎಂದು ಜಾರಿಕೊಳ್ಳುತ್ತಿದ್ದರು. ಕೋಟೇಶ್ವರಮ್ಮನಿಗೆ ಸುಳ್ಳು ಹೇಳಿ ಅಭ್ಯಾಸ ಕಡಿಮೆ. ಒಂದು ಹೇಳಿದ್ದರಲ್ಲೇ ಸುಸ್ತಾಗಿದ್ದರು.

"ಆಕಿ ಚೊಲೋ ಇದ್ಲು" ಎಂದರು. "ಭಾಳ ಚೊಲೋ ಇದ್ಲು. ಬುಜ್ಜಿ ಕೈ ಹಿಡಕೊಂಡು ಒಳಗ ಕರಕೊಂಡು ಹೋದ್ಲು. ಅದಕ್ಕ ಸುಳ್ಳು ಹೇಳಿದೆ."

"ಅಂದ್ರೆ?"

"ನಿನಗ ಅದು ಮೂರು ತಾಸಿನ ಮಾತು, ಸುಮಿತ್ರಾ. ನನಗ ದಿನಾ ಅಂದ್ರ ಆ ಮೂರು ತಾಸೇ."

ಸುಮಿತ್ರಾಗೆ ಕೋಪವೂ ಬಂತು, ಕರುಳೂ ಚುರುಕ್ ಎಂದಿತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯರು ಆಡಬಾರದ್ದನ್ನೇ ಆಡುತ್ತಾರೆ. "ಸರಿ ಬಿಡಿ. ನಾಳೆ ಬೇಡ ಅಂತ ಬರೆದುಕೊಡ್ತೀನಿ. ಇನ್ನು ಸಾಯೋವರೆಗೂ ಅದೇ ಕೌಂಟರಿನಲ್ಲಿ ಕೂತಿರ್ತೀನಿ. ನಿಮಗೆ ಸಮಾಧಾನ ಆಯ್ತಲ್ಲ!"

ಕೋಟೇಶ್ವರಮ್ಮ ಎದ್ದರು, ತಲೆಯ ಮೇಲೆ ಸೆರಗು ಹೊದ್ದರು, ಚಪ್ಪಲಿ ಮೆಟ್ಟಿಕೊಂಡು ಉರಿಬಿಸಿಲಿಗೆ ಇಳಿದು ಹೋದರು. ಊರು ಗೊತ್ತಿಲ್ಲ, ವಯಸ್ಸು ಅರವತ್ತರ ಹತ್ತಿರ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಸುಮಿತ್ರಾಳ ಕೋಪ ಹನ್ನೆರಡಕ್ಕೇ ಇಳಿದಿತ್ತು. ಎರಡರ ಹೊತ್ತಿಗೆ ಅವಳು ಗೇಟಿನ ಬಳಿ ನಿಂತು, ನಾನು ಎಂಥ ಮಾತಾಡಿದೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಸುಬ್ರಹ್ಮಣ್ಯ ಸ್ಕೂಟರಿನಲ್ಲಿ ಎರಡು ಸುತ್ತು ಹುಡುಕಿ ಬಂದಿದ್ದ.

ಮೂರಕ್ಕೆ ಒಂದು ರಿಕ್ಷಾ ಬಂದು ನಿಂತಿತು. ಕೋಟೇಶ್ವರಮ್ಮನ ಮುಖ ಬಿಸಿಲಿಗೆ ಕೆಂಪಾಗಿತ್ತು, ಸೀರೆಯ ಅಂಚೆಲ್ಲ ಮರಳು. ಅವರು ಇಳಿಯಲೇ ಇಲ್ಲ.

"ಹತ್ರಿ ಇಬ್ರೂ" ಎಂದರು. "ಹದಿನಾರು ಮನಿ ನೀರು ಕುಡದೀನಿ. ಹೊಟ್ಟಿ ಉಬ್ಬೇತಿ."

ಸುಮಿತ್ರಾಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಎರಡನ್ನೂ ನುಂಗಿಕೊಂಡು ಹತ್ತಿದಳು.

ರಿಕ್ಷಾ ಹೋದದ್ದು ಎಂವಿಪಿ ಕಾಲೊನಿಗೆ. ಆಗಿನ್ನೂ ಅರ್ಧಂಬರ್ಧ ಕಟ್ಟಿದ ಬಡಾವಣೆ. ಒಂದು ಮನೆ, ಒಂದು ಖಾಲಿ ಸೈಟು, ನಡುವೆ ಜಲ್ಲಿಯ ರಾಶಿ. ಕೋಟೇಶ್ವರಮ್ಮ ತೋರಿಸಿದ ಬಾಡಿಗೆ ಮನೆ ಚಿಕ್ಕದು. ಬಚ್ಚಲ ಬಾಗಿಲಿಗೆ ಚಿಲಕ ಕೂರುತ್ತಿರಲಿಲ್ಲ. ಕಿಟಕಿ ತೆಗೆದರೆ ಸಮುದ್ರವಲ್ಲ, ಪಕ್ಕದ ಮನೆಯ ಜಗಲಿ. ಆ ಜಗಲಿಯ ಮೇಲೆ ಲಕ್ಷ್ಮೀಕಾಂತಮ್ಮ ಎಂಬ ದಪ್ಪ ಹೆಂಗಸು ಬೀದಿಯ ನಾಲ್ಕು ಜನರನ್ನು ಕೂರಿಸಿಕೊಂಡು ಆವಕಾಯಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಈಳಿಗೆಮಣೆಯ ಮೇಲೆ ಕುಳಿತಲ್ಲಿಂದಲೇ ಬೀದಿಯ ಎರಡೂ ತುದಿ ಅವರಿಗೆ ಕಾಣುತ್ತಿತ್ತು. ಕಾಣುತ್ತಿತ್ತು ಎನ್ನುವುದಕ್ಕಿಂತ, ಅವರ ಕಣ್ಣು ಏನನ್ನೂ ಬಿಡುತ್ತಿರಲಿಲ್ಲ. ಐಸ್‌ಕ್ಯಾಂಡಿಯವನು ತಿರುವಿನಲ್ಲಿ ಕಂಡರೆ ಸಾಕು, ಯಾರ ಮಕ್ಕಳು ಆ ಕಡೆ ಓಡಿದವು ಎಂದು ಹೆಸರು ಹಿಡಿದು ಕೂಗುತ್ತಿದ್ದರು.

ಅವರು ಸುಮಿತ್ರಾಳನ್ನು ಕೂರಿಸಿಕೊಂಡು ತೆಲುಗಿನಲ್ಲಿ ಶುರುಮಾಡಿದರು. ಯಾವ ಊರು, ಯಾವ ಬ್ಯಾಂಕು, ಸಂಬಳ ಎಷ್ಟು, ಒಂದೇ ಮಗುವೇ, ಎರಡನೆಯದು ಯಾಕಿಲ್ಲ, ಗಂಡ ಟೂರಿಗೆ ಹೋದಾಗ ಊಟ ಎಲ್ಲಿ ಮಾಡುತ್ತಾನೆ. ಮೈಸೂರಿನ ಸುಮಿತ್ರಾ ಒಂದನ್ನೂ ಮುಚ್ಚಿಡದೆ ಉತ್ತರ ಕೊಟ್ಟಳು. ಕೊಡುತ್ತ ಕೊಡುತ್ತ ಅವಳ ಬೆನ್ನು ಸಡಿಲವಾಗಿ ಕಂಬಕ್ಕೆ ಒರಗಿತು. ಬುಜ್ಜಿ ಅಷ್ಟರಲ್ಲಿ ಚಪ್ಪಲಿ ಬಿಟ್ಟು, ಒಂದು ಮಾವಿನ ಹೋಳು ಹಿಡಿದುಕೊಂಡು, ಕೇಳದೆಯೇ ಅವರ ಅಡುಗೆಮನೆಗೆ ನುಗ್ಗಿದ್ದಳು.

ಕೋಟೇಶ್ವರಮ್ಮ ಲಕ್ಷ್ಮೀಕಾಂತಮ್ಮನ ಹತ್ತಿರಕ್ಕೆ ಸರಿದು ಕುಳಿತರು.

"ನೋಡಮ್ಮಾ" ಎಂದು ಅವರೂ ತೆಲುಗಿಗೆ ತಿರುಗಿದರು. "ಹಾಲಿನ ಮೇಲೆ ಕೆನೆ ಇದ್ದರೆ ಕುಡಿಯುವುದಿಲ್ಲ, ಸೋಸಿ ಕೊಡಬೇಕು. ಲೆಕ್ಕದ ಪರೀಕ್ಷೆ ಇದ್ದ ದಿನ ಹೊಟ್ಟೆನೋವು ಅನ್ನುತ್ತಾಳೆ, ನಂಬಬೇಡಿ. ಆದರೆ ಕಿವಿನೋವು ಅಂದರೆ ನಂಬಿ, ಅದು ನಿಜ. ತುಂಬ ಹೊತ್ತು ಸದ್ದಿಲ್ಲ ಅಂದರೆ ಮಂಚದ ಕೆಳಗೆ ನೋಡಿ. ಗುಡುಗಿಗೆ ಹೆದರುತ್ತಾಳೆ, ಹೆದರಿಕೆ ಇಲ್ಲ ಅಂತ ಹೇಳುತ್ತಾಳೆ, ಆಗ ಏನೂ ಕೇಳದೆ ಪಕ್ಕದಲ್ಲಿ ಕೂತುಬಿಡಿ. ರಿಕ್ಷಾ ಹತ್ತು ನಿಮಿಷ ತಡವಾದರೆ ಕಾಯಬೇಡಿ, ಎದ್ದು ಹೋಗಿ. ಸಿಕ್ಕ ಸಿಕ್ಕಲ್ಲಿ ನಿದ್ದೆ ಮಾಡುವ ಕೂಸು ಅದು."

ಲಕ್ಷ್ಮೀಕಾಂತಮ್ಮನ ಕೈ ಹೆಚ್ಚುವುದನ್ನು ನಿಲ್ಲಿಸಿತ್ತು. ಅವರು ಒಂದೊಂದಕ್ಕೂ ತಲೆಯಾಡಿಸಿ, ಕೆನೆಯ ವಿಷಯವನ್ನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಹೆತ್ತ ತಾಯಿಯಾದ ಸುಮಿತ್ರಾಗೆ ಆ ಮಂಚದ ಕೆಳಗಿನ ವಿಷಯ ಗೊತ್ತೇ ಇರಲಿಲ್ಲ. ಈ ಹೆಂಗಸು ಬಿಸಿಲಲ್ಲಿ ಹದಿನಾರು ಮನೆ ಅಲೆದು, ತಮ್ಮ ಜಾಗಕ್ಕೆ ತಾವೇ ಒಬ್ಬರನ್ನು ಹುಡುಕಿ ತಂದು ಕೂರಿಸುತ್ತಿದ್ದಾರೆ. ಪಿನ್ನಿಗಾರು, ನನಗೆ ಯಾವ ಪ್ರಮೋಷನ್ನೂ ಬೇಡ, ಊರಿಗೆ ಹೋಗೋಣ ನಡೀರಿ ಎನ್ನಲು ಅವಳು ನಿಜವಾಗಿಯೂ ಬಾಯಿ ತೆರೆದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು. "ಅಮ್ಮಮ್ಮಾ!"

"ಏಂ ತಲ್ಲೀ?" ಎರಡು ದನಿ ಒಟ್ಟಿಗೆ ಓಗೊಟ್ಟವು. ಇಬ್ಬರು ಹೆಂಗಸರೂ ನೆಲಕ್ಕೆ ಕೈಯೂರಿ ಅರ್ಧ ಎದ್ದಿದ್ದರು.

ಬುಜ್ಜಿ ಬಾಗಿಲಿಗೆ ಬಂದಳು. ಅವಳ ಕಣ್ಣು ಹೋದದ್ದು ಲಕ್ಷ್ಮೀಕಾಂತಮ್ಮನ ಕಡೆಗೆ. "ಉಪ್ಪಿನ ಡಬ್ಬಿ ಎಲ್ಲಿದೆ ಅಮ್ಮಮ್ಮಾ?" ಎಂದು ತೆಲುಗಿನಲ್ಲಿ, ಹುಟ್ಟಿದಾಗಿನಿಂದ ಆ ಮನೆಯಲ್ಲೇ ಬೆಳೆದವಳ ಹಾಗೆ ಕೇಳಿದಳು.

ಕೋಟೇಶ್ವರಮ್ಮ ಕುಳಿತುಕೊಂಡರು.

"ನಿಮ್ಮನ್ನೇ ಕರೆಯುತ್ತಿದ್ದಾಳೆ, ಹೋಗಿ" ಎಂದು ಲಕ್ಷ್ಮೀಕಾಂತಮ್ಮನಿಗೆ ಹೇಳಿ, ಅವರು ಬಿಟ್ಟೆದ್ದ ಈಳಿಗೆಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಯಾರದೋ ಮನೆಯ ಮಾವಿನಕಾಯಿಯನ್ನು ಹೆಚ್ಚತೊಡಗಿದರು. ತಲೆ ಎತ್ತಲಿಲ್ಲ. ಸುಮಿತ್ರಾ ಅವರ ಪಕ್ಕಕ್ಕೆ ಸರಿದು, ಭುಜಕ್ಕೆ ಭುಜ ತಾಗಿಸಿ ಕುಳಿತಳು.

"ಕುಂತೇನು ಮಾಡ್ತಿ?" ಎಂದರು ಕೋಟೇಶ್ವರಮ್ಮ, ಕೈ ನಿಲ್ಲಿಸದೆ. "ಹೋಗು, ಮನಿ ಬೀಗದ ಕೈ ಕೇಳು. ರೈಲಿನ ಹೊತ್ತಾತು."