ಗಂಟೆಯಾಗದ ಬೆಳಗು

ಗದಗಿನ ಸ್ಟೇಷನ್ ಕಡೆಗಿದ್ದ ಒಂದು ಹೆಣ್ಣುಮಕ್ಕಳ ಬೋರ್ಡಿಂಗನ್ನು ಸುಮಿತ್ರವ್ವ ನೋಡಿಕೊಳ್ಳುತ್ತಿದ್ದರು. ಹುಡುಗಿಯರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು ಬಂದ ಹೆಂಗಸು. ಅಂಗಳದ ಬೇವಿನ ಗಿಡಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿ ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ತಾವೇ ಗಂಟೆ ಬಾರಿಸುತ್ತಿದ್ದರು. ಗಂಟೆಯಾದರೆ ಅರ್ಧಕ್ಕೆ ನಿಂತ ಲೆಕ್ಕವನ್ನೂ ಬಿಟ್ಟು ಪುಸ್ತಕ ಮುಚ್ಚಬೇಕು. ಆಗುವ ತನಕ ತಲೆ ಎತ್ತುವಂತಿಲ್ಲ. ಒಮ್ಮೆ ಬೀದಿಯಲ್ಲಿ ಏಕೀಕರಣದವರ ಮೆರವಣಿಗೆ ಹೋದಾಗ ಶಿಗ್ಲಿಯ ಮಂಜವ್ವ ಕಿಟಕಿಯತ್ತ ಕತ್ತು ತಿರುಗಿಸಿದ್ದಳು. ಅಕ್ಕಾರು ಅವಳನ್ನು ಸಂಜೆವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

"ಮಾಳಗಿ ಕುಸದು ಬಿದ್ರೂ ಕಣ್ಣು ಪುಸ್ತಕ ಬಿಡಬಾರ್ದು. ಹಂಗ ಓದಿದಾಕಿ ಪಾಸಾಗ್ತಾಳ," ಎಂದರು.

ಪಾಸೂ ಆಗುತ್ತಿದ್ದರು. ಅದಕ್ಕೇ ಯಳವತ್ತಿಯ ಲಕ್ಷ್ಮಪ್ಪ ಮಗಳು ಶಂಕ್ರೆವ್ವನನ್ನು ತಂದು ಅಲ್ಲಿ ಬಿಟ್ಟಿದ್ದ. ಆ ಮನೆತನದಲ್ಲಿ ಮ್ಯಾಟ್ರಿಕ್‌ವರೆಗೆ ಬಂದವಳು ಅವಳೊಬ್ಬಳೇ.

ಐವತ್ತಾರನೆಯ ಇಸವಿಯ ಬೇಸಿಗೆ. ಮ್ಯಾಟ್ರಿಕ್ ಹುಡುಗಿಯರಿಗೆ ಅಂದು ರೇಖಾಗಣಿತದ ಪರೀಕ್ಷೆ. ಅಡಿಗೆಯ ಶಾರದವ್ವ ಬೆಟಗೇರಿಯ ತವರಿಗೆ ಹೋಗಿದ್ದರಿಂದ ಅಕ್ಕಾರೇ ಒಲೆ ಹೊತ್ತಿಸಿ ಹಾಲಿಟ್ಟಿದ್ದರು. ಓದುವ ಕೋಣೆಯಲ್ಲಿ ಹುಡುಗಿಯರು ಬಾಗಿಲಿಗೆ ಬೆನ್ನು ಮಾಡಿ ಸಾಲಾಗಿ ಕುಳಿತಿದ್ದರು. ಹಿಂದೆ ಪಡಸಾಲೆಯಲ್ಲಿ ತಂಬಿಗೆ ಉರುಳಿದ ಸದ್ದಾಯಿತು. ಅದರ ಬೆನ್ನಿಗೇ ಏನೋ ಭಾರವಾದದ್ದು ದೊಪ್ಪನೆ ಬಿತ್ತು.

ಶಂಕ್ರೆವ್ವನ ಬೆರಳು ಪುಟದ ಮೇಲೆ ನಿಂತಿತು.

"ಏನೋ ಬಿತ್ತಲ್ಲ," ಎಂದಳು ಮೆಲ್ಲಗೆ.

"ಸುಮ್ನ ಓದು. ಇವತ್ತೊಂದಿನ ಬೈಸಿಗೋಬ್ಯಾಡ," ಎಂದಳು ಪಕ್ಕದ ಮಂಜವ್ವ, ತಲೆ ಎತ್ತದೆ.

ಮತ್ತೆ ಎಲ್ಲರೂ ಓದಿದರು. ಬಿಸಿಲು ಗೋಡೆಯಿಂದ ಇಳಿದು ಚಾಪೆಗೆ ಬಂತು. ಪರೀಕ್ಷೆಗೆ ಹೊರಟ ಗಂಡುಹುಡುಗರ ಮಾತು ಬೀದಿಯಲ್ಲಿ ಕೇಳಿ ದೂರವಾಯಿತು. ಹೊತ್ತಾಗುತ್ತಿದೆ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು. ಆದರೂ ಗಂಟೆಯಾಗದೆ ಏಳುವುದು ಯಾರ ಕಾಲಿಗೂ ಗೊತ್ತಿರಲಿಲ್ಲ. ಕೊನೆಗೆ ಹಾಲು ಸೀದ ಕಮಟು ಕೋಣೆ ತುಂಬಿದಾಗ ಶಂಕ್ರೆವ್ವ ಎದ್ದಳು. ಬೈಗುಳ ತಿನ್ನಲು ಸಿದ್ಧಳಾಗಿಯೇ ತಿರುಗಿದಳು.

ಅಕ್ಕಾರು ಪಡಸಾಲೆಯಲ್ಲಿ ಪಕ್ಕಕ್ಕೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ತೆರೆದೇ ಇದ್ದವು, ನೆಟ್ಟಗೆ ಓದುವ ಕೋಣೆಯನ್ನೇ ನೋಡುತ್ತಿದ್ದವು. ಇಷ್ಟು ಹೊತ್ತೂ ಅವರು ಹುಡುಗಿಯರ ಬೆನ್ನುಗಳನ್ನೇ ನೋಡುತ್ತ ಬಿದ್ದಿದ್ದರು ಎಂದು ಶಂಕ್ರೆವ್ವನಿಗೆ ತಿಳಿಯಿತು. ಮಂಜವ್ವನೂ ಉಳಿದವರೂ ಹಿಂದೆಯೇ ಓಡಿ ಬಂದರು.

"ನೀವೆಲ್ಲ ಪರೀಕ್ಷಾಕ್ಕ ಹೋಗ್ರಿ," ಎಂದಳು ಶಂಕ್ರೆವ್ವ. "ನಾ ಇವರನ್ನ ದವಾಖಾನಿಗೆ ಒಯ್ತೀನಿ."

ಬೀದಿಗೆ ಓಡಿ ಮಲಂಗಸಾಬನ ಟಾಂಗಾ ನಿಲ್ಲಿಸಿದಳು. ಅವನೂ ಅವಳೂ ಅಕ್ಕಾರನ್ನು ಎತ್ತಿ ಮಲಗಿಸಿದರು. ಉಳಿದವರು ತಡವಾಗಿ ಹೋದರೂ ಒಳಗೆ ಬಿಟ್ಟರು. ಶಂಕ್ರೆವ್ವನ ಪರೀಕ್ಷೆ ತಪ್ಪಿತು.

ಲಕವಾ ಹೊಡೆದಿತ್ತು. ಸ್ವಲ್ಪ ಮೊದಲೇ ತಂದಿದ್ದರೆ ಚಲೋ ಇತ್ತು ಎಂದರು ಡಾಕ್ಟರು. ಜೀವ ಉಳಿಯಿತು, ಬಲಗೈ ಹೋಯಿತು. ಕೆಲವು ವಾರದ ಮೇಲೆ ತೊದಲು ಮಾತು ಬಂತು. ಅಕ್ಕಾರು ಮೊದಲು ಕೇಳಿದ್ದು ಇದನ್ನೇ.

"ನಾ ಬಿದ್ದ ಸಪ್ಪಳ ಕೇಳಿಸಿತ್ತೇನು?"

ಹಾಸಿಗೆಯ ಪಕ್ಕ ಕುಳಿತಿದ್ದ ಶಂಕ್ರೆವ್ವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕೇಳಿತ್ರಿ. ಎಲ್ಲಾರಿಗೂ ಕೇಳಿತ್ತು."

"ಮತ್ತ?"

"ಗಂಟಿ ಆಗಿರಲಿಲ್ರಿ."

ಅಕ್ಕಾರು ಹೊಡೆಸಿಕೊಂಡವರಂತೆ ಅವಳನ್ನೇ ನೋಡಿದರು. ಒಂದೊಂದೇ ಮಾತು ಹೆಕ್ಕಿ ಹೇಳಿದರು. "ಜೈಲಿನ್ಯಾಗ ನನ್ನ ಮಗ್ಗಲದಾಕಿ ಜ್ವರ ಬಂದು ಸತ್ತಳು. ನಾವು ಬಾಗಲಾ ಬಡದು ಬಡದು ಕರದ್ವಿ. ಗಂಟಿ ಆಗೋತನಕಾ ಬಾಗಲಾ ತಗಿಯಂಗಿಲ್ಲ ಅಂತ ಹೊರಗ ಪಹರೆ ಇದ್ದಾಕಿ ಅಂದಳು. ಆಕಿನ್ನ ನಾ ಇನ್ನೂ ಬೈತೀನಿ. ನಿಮ್ಮನ್ನ ನಾನೇ ಆಕಿ ಹಂಗ ಮಾಡಿಬಿಟ್ನೆಲ್ಲ."

ಆ ಮುಖವನ್ನು ನೋಡಲಾರದೆ ಶಂಕ್ರೆವ್ವ ಹೊದಿಕೆ ಸರಿಮಾಡುತ್ತ ಕುಳಿತಳು.

ಅಕ್ಟೋಬರಿನ ಪರೀಕ್ಷೆಗೆ ಅವಳು ಯಳವತ್ತಿಯಲ್ಲೇ ಓದಿದಳು. ಮೊದಮೊದಲು ಪುಸ್ತಕ ಹಿಡಿದರೆ ಯಾವಾಗ ಶುರು ಮಾಡಬೇಕು, ಯಾವಾಗ ಬಿಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಯಾರಾದರೂ ಹೇಳಲಿ ಎಂದು ಸುಮ್ಮನೆ ಕುಳಿತುಬಿಡುತ್ತಿದ್ದಳು. ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ ತಲೆ ತಿಳಿಯಾಗಿರುತ್ತದೆ ಎಂದು ಮೆಲ್ಲಮೆಲ್ಲನೆ ಕಂಡುಕೊಂಡಳು. ಆಗ ಕಠಿಣವಾದದ್ದನ್ನು ಓದಿದಳು. ಪ್ರಮೇಯ ತಿಳಿದ ಮೇಲೆಯೇ ಪುಟ ಮಗುಚಿದಳು.

ಪಾಸಾದ ಸುದ್ದಿ ಬಂದಾಗ ಕರ್ನಾಟಕ ಒಂದಾಗಿ ಕೆಲವು ವಾರ ಕಳೆದಿತ್ತು. ಅಕ್ಕಾರು ಆಗ ಲಕ್ಷ್ಮೇಶ್ವರದಲ್ಲಿ ತಂಗಿಯ ಮನೆಯಲ್ಲಿದ್ದರು. ಶಂಕ್ರೆವ್ವ ಬಸ್ಸು ಹಿಡಿದು ಹೋಗಿ ಹೇಳಿದಳು.

"ಮನ್ಯಾಗ ಹೆಂಗ ಓದಿದಿ? ಗದ್ದಲಾ ಇರ್ತದಲ್ಲ," ಎಂದು ಕೇಳಿದರು ಅಕ್ಕಾರು.

"ಅವ್ವ ಕರದ್ರ ಎದ್ದು ಹೋಗ್ತಿದ್ನಿರಿ. ಕೆಲಸ ಮುಗಿಸಿ ಬಂದು ಮತ್ತ ಓದ್ತಿದ್ನಿ."

ಅಕ್ಕಾರು ಎಡಗೈ ಚಾಚಿ ಅವಳ ಕೈ ಹಿಡಿದುಕೊಂಡರು. "ಕರದ್ರ ಎದ್ದು ಹೋಗ್ತಿದ್ನಿ ಅಂದೆಲ್ಲ, ಅದನ್ನ ಇನ್ನೊಮ್ಮೆ ಹೇಳವ್ವಾ," ಎಂದರು. ಶಂಕ್ರೆವ್ವ ಇನ್ನೊಮ್ಮೆ ಹೇಳಿದಳು.